ಸವೆದ ಅಕ್ಷಿಪಟಲಕ್ಕೆ ಹೊಸ ಕೋಶಗಳು

ಬೇಸಗೆಯ ನಡುಹಗಲಿನಲ್ಲಿ ಬೆಂಗಳೂರಿನ ದಂಡಿನ ಕಡೆಗೆ ಹೋದವರಿಗೆಲ್ಲ ಒಂದು ಅನುಭವ ಆಗಿಯೇ ಇರಬೇಕು. ಶಿವಾಜಿನಗರದ ಬಯಲಿನಲ್ಲಿ ಕಣ್ಣು ಕೋರೈಸುವ ಬಿಸಿಲು. ಅಲ್ಲಿಂದ ರಸೆಲ್ ಮಾರ್ಕೆಟ್ಟಿನ ಬಾಗಿಲು ದಾಟಿ ಥಟ್ಟನೆ ಒಳಗೆ ಕಾಲಿಟ್ಟರೆ ಎದುರಿಗಿರುವುದೇನೂ ತಿಳಿಯದು. ಹೂವಿನ ವಾಸನೆ ಬರುತ್ತದೆ. ಹಣ್ಣು ಮಾರುವವರ ಕೂಗು ಕೇಳುತ್ತದೆ. ಆದರೆ ಹೂವೂ ಹಣ್ಣೂ ಕಪ್ಪು ಮಬ್ಬಿನಲ್ಲಿ ಮುಳುಗಿರುತ್ತವೆ. ನಿಂತಲ್ಲಿಯೇ ಸ್ವಲ್ಪ ಹೊತ್ತು ನಿಂತರೆ ಮಬ್ಬು ಕರಗುತ್ತ ಬರುತ್ತದೆ. ಮೊದಲು ಬುಟ್ಟಿಗಳ ಆಕಾರ, ಆಮೇಲೆ ಜನರ ಮುಖ, ಕೊನೆಗೆ ಮೂಲೆಯಲ್ಲಿ ಮಲಗಿದ ಬೆಕ್ಕು ಕೂಡ ಕಾಣಿಸುತ್ತದೆ.

ಈ ಕ್ಷಣಿಕ ಕುರುಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಬಿಸಿಲಿನಲ್ಲಿ ಕಿರಿದಾಗಿದ್ದ ಕಣ್ಣಿನ ಪಾಪೆ ನೆರಳಿನಲ್ಲಿ ಅಗಲವಾಯಿತು ಎಂಬುದು ಉತ್ತರದ ಒಂದು ಸಣ್ಣ ಭಾಗ ಮಾತ್ರ. ಪಾಪೆ ಅಗಲವಾಗಲು ಕೆಲವು ಸೆಕೆಂಡುಗಳು ಸಾಕು. ಉಳಿದದ್ದು ರಸಾಯನಶಾಸ್ತ್ರಕ್ಕೆ ಸೇರಿದ ಸಂಗತಿ. ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪೊರೆಗೆ ಅಕ್ಷಿಪಟಲವೆಂದು ಹೆಸರು. ಅದರ ದಪ್ಪ ಸುಮಾರು ಕಾಲು ಮಿಲಿಮೀಟರು. ಮಂದ ಬೆಳಕಿನಲ್ಲಿ ನೋಡುವ ದಂಡಕೋಶಗಳು ಅದರಲ್ಲಿ ಹತ್ತು ಕೋಟಿಯಷ್ಟಿವೆ. ಹಗಲಿನ ಬೆಳಕನ್ನೂ ಬಣ್ಣಗಳನ್ನೂ ಗುರುತಿಸುವ ಶಂಕುಕೋಶಗಳು ೬೦ ಲಕ್ಷದಷ್ಟಿವೆ. ದಂಡಕೋಶದಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ತುಂಬಿದೆ. ಬೆಳಕು ತಾಕಿದೊಡನೆ ಈ ದ್ರವ್ಯ ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತದೆ. ಬಿಸಿಲಿನಿಂದ ಬಂದವನ ಕಣ್ಣಿನಲ್ಲಿ ಇದರ ಬಹುಪಾಲು ಖರ್ಚಾಗಿಹೋಗಿರುತ್ತದೆ. ಅದು ಮರಳಿ ಕೂಡುವವರೆಗೆ ಕತ್ತಲೆಯ ನೋಟವಿಲ್ಲ. ಪೂರ್ತಿಯಾಗಿ ಕೂಡಲು ಅರ್ಧ ಗಂಟೆಯೇ ಬೇಕು. ರೊಡಾಪ್ಸಿನ್ನಿನ ಮುಖ್ಯ ಭಾಗ ಎ ಜೀವಸತ್ತ್ವದಿಂದ ಹುಟ್ಟಿದ್ದೆಂದು ತೋರಿಸಿಕೊಟ್ಟ ಜಾರ್ಜ್ ವಾಲ್ಡ್ ೧೯೬೭ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಒಬ್ಬರು.

ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಖರ್ಚಾದ ದ್ರವ್ಯವನ್ನು ದಂಡಕೋಶ ತಾನೇ ಸರಿಪಡಿಸಿಕೊಳ್ಳಲಾರದು. ಅದನ್ನು ಪಕ್ಕದ ಮನೆಗೆ ಕಳುಹಿಸಬೇಕು. ಅಲ್ಲಿ ದುರಸ್ತಿಯಾಗಿ ಅದು ಹಿಂದಿರುಗಬೇಕು. ಆ ಪಕ್ಕದ ಮನೆಯೇ ಈ ಲೇಖನದ ವಿಷಯ.

ನೋಡದ ಕೋಶ, ನೋಟವನ್ನು ಕಾಯುವ ಕೋಶ

ನೋಡುವ ಕೋಶಗಳ ಬೆನ್ನಿಗೆ ಒತ್ತಿಕೊಂಡು, ಒಂದೇ ಒಂದು ಕೋಶದಷ್ಟು ದಪ್ಪನಾದ ಕಂದುಗಪ್ಪು ಪದರವೊಂದಿದೆ. ಇದನ್ನು ವರ್ಣಕ ಪದರವೆಂದು ಕರೆಯೋಣ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಹಲ್ಲೆಯಂತೆ ಆರು ಮೂಲೆಯ ಕೋಶಗಳು ಒಂದಕ್ಕೊಂದು ಕೂಡಿಕೊಂಡಿರುವುದು ಕಾಣುತ್ತದೆ. ಈ ಕೋಶಗಳು ತಾವು ಏನನ್ನೂ ನೋಡುವುದಿಲ್ಲ. ಆದರೆ ನೋಡುವ ಕೋಶಗಳಿಗೆ ಆಹಾರವನ್ನು ಕೊಡುವುದು, ಖರ್ಚಾದ ವರ್ಣದ್ರವ್ಯವನ್ನು ಸರಿಪಡಿಸುವುದು, ಚದರಿದ ಬೆಳಕನ್ನು ಹೀರಿಕೊಳ್ಳುವುದು, ಕಸವನ್ನು ಗುಡಿಸುವುದು, ಎಲ್ಲವೂ ಇವುಗಳ ಪಾಲಿನ ಕೆಲಸ. ದಾದಿಯೆಂಬ ಮಾತು ಇವುಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಕಸ ಗುಡಿಸುವ ಕೆಲಸ ಎಷ್ಟು ದೊಡ್ಡದೆಂಬುದು ತಿಳಿದದ್ದು ೧೯೬೭ರಲ್ಲಿ. ಲಾಸ್ ಏಂಜಲಿಸ್ ನಗರದಲ್ಲಿದ್ದ ರಿಚರ್ಡ್ ಯಂಗ್ ಎಂಬ ವಿಜ್ಞಾನಿ ವಿಕಿರಣ ಸೂಸುವ ಅಮೈನೋ ಆಮ್ಲಗಳನ್ನು ಪ್ರಾಣಿಗಳ ದೇಹಕ್ಕೆ ಸೇರಿಸಿ, ಅವು ಕಣ್ಣಿನಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದನ್ನು ದಿನದಿನವೂ ಗುರುತಿಸಿದರು. ದಂಡಕೋಶದ ತುದಿಯಲ್ಲಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ನೂರಾರು ಬಿಲ್ಲೆಗಳಿವೆ. ಬುಡದಲ್ಲಿ ಹೊಸ ಬಿಲ್ಲೆಗಳು ಹುಟ್ಟುತ್ತವೆ. ಹಳೆಯವು ಮೇಲಕ್ಕೆ ಸರಿಯುತ್ತವೆ. ಸುಮಾರು ಹತ್ತು ದಿನಗಳಲ್ಲಿ ಇಡೀ ಪೇರಿಕೆಯೇ ಹೊಸದಾಗುತ್ತದೆ. ತುದಿಗೆ ಬಂದ ಹಳೆಯ ಬಿಲ್ಲೆಗಳು ಬೆಳಗಿನ ಹೊತ್ತಿನಲ್ಲಿ ಕಳಚಿ ಬೀಳುತ್ತವೆ. ವರ್ಣಕ ಪದರದ ಕೋಶಗಳು ಅವನ್ನು ನುಂಗಿ ಅರಗಿಸಿಕೊಳ್ಳುತ್ತವೆ. ಒಂದೊಂದು ದಾದಿಕೋಶದ ಆರೈಕೆಯಲ್ಲಿ ಸುಮಾರು ಮೂವತ್ತು ನೋಡುವ ಕೋಶಗಳಿವೆ. ಪ್ರಾಯಕ್ಕೆ ಬಂದ ಮೇಲೆ ಈ ದಾದಿಕೋಶಗಳು ಸಾಮಾನ್ಯವಾಗಿ ವಿಭಜಿಸುವುದಿಲ್ಲ. ಎಂದರೆ, ಹುಟ್ಟಿದಾಗ ಬಂದ ದಾದಿಯೇ ಮುಪ್ಪಿನವರೆಗೂ ದುಡಿಯಬೇಕು. ಎಪ್ಪತ್ತು ವರ್ಷಗಳೆಂದರೆ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಬೆಳಗುಗಳು. ಅಷ್ಟು ಬೆಳಗುಗಳಲ್ಲಿಯೂ ಬಿಡುವಿಲ್ಲದೆ ಕಸ ಗುಡಿಸಬೇಕು.

ದಾದಿ ದಣಿದಾಗ

ಕೆಲವರಲ್ಲಿ ವಯಸ್ಸಾದಂತೆ ಈ ಪದರ ದಣಿಯುತ್ತದೆ. ಅರಗದ ಕಸ ಕೋಶಗಳೊಳಗೂ ಅವುಗಳ ಕೆಳಗೂ ಸಂಗ್ರಹವಾಗುತ್ತದೆ; ದಾದಿಕೋಶಗಳು ಅಲ್ಲಲ್ಲಿ ಸಾಯುತ್ತವೆ; ಅವುಗಳ ಆಸರೆಯಲ್ಲಿದ್ದ ನೋಡುವ ಕೋಶಗಳು ಹಿಂದೆಯೇ ಅಳಿಯುತ್ತವೆ. ಇದು ಮೊದಲು ನಡೆಯುವುದು ಅಕ್ಷಿಪಟಲದ ನಡುವಿನ ಪೀತಬಿಂದುವಿನಲ್ಲಿ. ಓದುವುದಕ್ಕೂ ಮುಖಗಳನ್ನು ಗುರುತಿಸುವುದಕ್ಕೂ ನಮಗೆ ನೆರವಾಗುವುದು ಈ ಪುಟ್ಟ ಜಾಗವೇ. ಆದ್ದರಿಂದ ಈ ರೋಗ ಮನುಷ್ಯನನ್ನು ಪೂರ್ತಿ ಕತ್ತಲೆಗೆ ತಳ್ಳದೆ ನೋಟದ ನಡುಭಾಗವನ್ನು ಮಾತ್ರ ಕಿತ್ತುಕೊಳ್ಳುತ್ತದೆ. ಇಂದಿರಾನಗರದ ನಿಲ್ದಾಣದಲ್ಲಿ ನಿಂತ ಅಜ್ಜನಿಗೆ ಮೆಟ್ರೊ ರೈಲು ಬಂದದ್ದು ಕಾಣುತ್ತದೆ. ಫಲಕದ ಮೇಲೆ ಬರೆದ ‘ಹಲಸೂರು’ ಎಂಬ ಹೆಸರು ಕಾಣದು. ಎದುರಿಗೆ ಯಾರೋ ನಿಂತಿದ್ದಾರೆಂದು ತಿಳಿಯುತ್ತದೆ. ನಿಂತವಳು ಮೊಮ್ಮಗಳೆಂಬುದು ಅವಳು ಮಾತನಾಡಿದ ಮೇಲೆಯೇ ತಿಳಿಯುವುದು.

ಇಂಥ ಸಮಯದಲ್ಲಿ ಮನೆಯವರು ‘ಪೊರೆ ಬಂದಿರಬೇಕು, ತೆಗೆಸಿದರೆ ಸರಿಹೋಗುತ್ತದೆ’ ಎಂದುಕೊಳ್ಳುವುದುಂಟು. ಪೊರೆಯೆಂಬುದು ಕಣ್ಣಿನ ಮುಂಭಾಗದ ಮಸೂರ ಮಬ್ಬಾಗುವ ರೋಗ. ಆ ಮಸೂರವನ್ನು ತೆಗೆದು ಬೇರೊಂದನ್ನು ಇಡಬಹುದು. ಆದರೆ ಕ್ಯಾಮೆರಾದ ಗಾಜನ್ನು ಎಷ್ಟು ಒರೆಸಿದರೂ ಒಳಗಿನ ಫಿಲ್ಮು ಕೆಟ್ಟಿದ್ದರೆ ಚಿತ್ರ ಮೂಡೀತೆ? ಪೀತಬಿಂದುವಿನ ಕ್ಷಯ ಫಿಲ್ಮಿನ ರೋಗ.

ಈ ಕ್ಷಯದಲ್ಲಿ ಎರಡು ಬಗೆ. ನಿಧಾನವಾಗಿ ಕೋಶಗಳು ಸವೆಯುವುದು ಒಣ ಬಗೆ. ಅಕ್ಷಿಪಟಲದ ಕೆಳಗೆ ಹೊಸ ರಕ್ತನಾಳಗಳು ನುಗ್ಗಿ ಸೋರುವುದು ಒದ್ದೆ ಬಗೆ. ಒದ್ದೆ ಬಗೆಯಲ್ಲಿ ನೇರವಾದ ಗೆರೆಗಳು ಸೊಟ್ಟಗೆ ಕಾಣತೊಡಗುತ್ತವೆ. ಒಂದು ಕಣ್ಣನ್ನು ಮುಚ್ಚಿಕೊಂಡು ಕೃಷ್ಣರಾಜಪುರದ ಸೇತುವೆಯ ಬಿಗಿದ ತಂತಿಗಳನ್ನೋ ಮನೆಯ ಕಿಟಕಿಯ ಸರಳುಗಳನ್ನೋ ನೋಡಿದಾಗ ಅವು ನಡುವೆ ಬಾಗಿದಂತೆ ತೋರಿದರೆ ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಒದ್ದೆ ಬಗೆಯನ್ನು ತಡೆಯುವ ಚುಚ್ಚುಮದ್ದುಗಳಿವೆ. ಅವು ಬೇಗನೆ ಸಿಕ್ಕಷ್ಟೂ ಉಪಯೋಗ ಹೆಚ್ಚು. ಒಣ ಬಗೆಯಲ್ಲಿ ಕಳೆದುಹೋದ ಕೋಶಗಳನ್ನು ಯಾವ ಚುಚ್ಚುಮದ್ದೂ ಹಿಂದಿರುಗಿಸಲಾರದು. ಹಳೆಯ ದಾದಿ ಸತ್ತಳೆಂದರೆ ಹೊಸ ದಾದಿಯನ್ನೇ ತರಬೇಕು.

ಇಲಿಗಳು ಹೇಳಿದ ಸಂಗತಿ

ಹೊಸ ದಾದಿಯನ್ನು ತಂದರೆ ಪ್ರಯೋಜನವಾದೀತೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಒಂದು ವಿಚಿತ್ರ ವಂಶದ ಇಲಿಗಳಿಂದ. ಆರ್‌ಸಿಎಸ್ ಇಲಿಗಳೆಂದು ಪ್ರಯೋಗಶಾಲೆಗಳಲ್ಲಿ ಹೆಸರಾದ ಇವುಗಳ ವರ್ಣಕ ಪದರಕ್ಕೆ ಕಳಚಿದ ಬಿಲ್ಲೆಗಳನ್ನು ನುಂಗುವ ಶಕ್ತಿ ಹುಟ್ಟಿನಿಂದಲೇ ಇಲ್ಲ. ಕಸ ರಾಶಿ ಬೀಳುತ್ತದೆ. ಕೆಲವೇ ತಿಂಗಳಲ್ಲಿ ನೋಡುವ ಕೋಶಗಳು ಸತ್ತು ಇಲಿ ಕುರುಡಾಗುತ್ತದೆ. ಲಿನ್ಷಿ ಲಿ ಮತ್ತು ಜೇಮ್ಸ್ ಟರ್ನರ್ ಎಂಬವರು ಆರೋಗ್ಯವಂತ ಇಲಿಗಳ ವರ್ಣಕ ಕೋಶಗಳನ್ನು ಎಳೆಯ ಆರ್‌ಸಿಎಸ್ ಇಲಿಗಳ ಅಕ್ಷಿಪಟಲದ ಕೆಳಗೆ ನೆಟ್ಟು ೧೯೮೮ರಲ್ಲಿ ಫಲವನ್ನು ಪ್ರಕಟಿಸಿದರು. ನೆಟ್ಟ ಜಾಗದಲ್ಲಿ ನೋಡುವ ಕೋಶಗಳು ಬದುಕಿ ಉಳಿದಿದ್ದವು. ನೆಡದ ಕಡೆ ಎಂದಿನಂತೆ ಅಳಿದಿದ್ದವು. ದಾದಿಯನ್ನು ಬದಲಾಯಿಸಿದರೆ ಕೂಸು ಬದುಕುತ್ತದೆ ಎಂಬುದು ಸಿದ್ಧವಾಯಿತು. ಆದರೆ ಮನುಷ್ಯರಿಗೆ ಬೇಕಾದಷ್ಟು ಕೋಶಗಳನ್ನು ಎಲ್ಲಿಂದ ತರುವುದು?

ಎಲ್ಲವೂ ಆಗಬಲ್ಲ ಕೋಶ

ಗಂಡು ಹೆಣ್ಣು ಬೀಜಗಳು ಕೂಡಿದ ಐದಾರು ದಿನಗಳಲ್ಲಿ ಭ್ರೂಣವು ಟೊಳ್ಳಾದ ಒಂದು ಚೆಂಡಿನಂತಿರುತ್ತದೆ. ಗಾತ್ರ ಒಂದು ಮರಳಿನ ಕಣಕ್ಕಿಂತ ದೊಡ್ಡದಲ್ಲ. ಅದರ ಒಳಗೆ ಒಂದು ಪಕ್ಕಕ್ಕೆ ಗುಂಪಾಗಿರುವ ಕೆಲವು ಕೋಶಗಳು ಮುಂದೆ ಚರ್ಮ, ಮೂಳೆ, ನರ, ರಕ್ತ, ಕಣ್ಣು, ಹೀಗೆ ದೇಹದ ಎಲ್ಲ ಬಗೆಯ ಕೋಶಗಳೂ ಆಗಬಲ್ಲವು. ಈ ಕೋಶಗಳನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ಸರಿಯಾದ ಆಹಾರ ಕೊಟ್ಟು ಸಾಕಿದರೆ, ಅವು ಎಳೆತನವನ್ನು ಕಳೆದುಕೊಳ್ಳದೆ ವರ್ಷಗಟ್ಟಲೆ ವಿಭಜಿಸುತ್ತಲೇ ಇರುತ್ತವೆ. ಇವೇ ಭ್ರೂಣದ ಆಕರಕೋಶಗಳು; ದಿನಪತ್ರಿಕೆಗಳ ಭಾಷೆಯಲ್ಲಿ ಸ್ಟೆಮ್ ಸೆಲ್‌ಗಳು. ಇಲಿಮರಿಯ ಭ್ರೂಣದಿಂದ ಇವನ್ನು ೧೯೮೧ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಅಮೆರಿಕದಲ್ಲಿ ಗೇಲ್ ಮಾರ್ಟಿನ್ ಬೇರ್ಪಡಿಸಿದರು. ಮಾನವ ಭ್ರೂಣದಿಂದ ಬೇರ್ಪಡಿಸಿದವರು ಅಮೆರಿಕದ ಜೇಮ್ಸ್ ಥಾಮ್ಸನ್, ಅದು ೧೯೯೮ರಲ್ಲಿ.

ಈ ಕೋಶಗಳನ್ನು ಎಳೆಯದಾಗಿ ಇರಿಸುವ ಪೋಷಕ ದ್ರವ್ಯವನ್ನು ನಿಲ್ಲಿಸಿ, ತಟ್ಟೆಯನ್ನು ಕೆಲವು ವಾರ ಹಾಗೆಯೇ ಬಿಟ್ಟರೆ ಒಂದು ಸೋಜಿಗ ನಡೆಯುತ್ತದೆ. ಬಣ್ಣವಿಲ್ಲದ ಕೋಶಗಳ ನಡುವೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಅವು ವರ್ಣಕ ಪದರದ ಕೋಶಗಳು! ಬಣ್ಣವೇ ಗುರುತಾದ್ದರಿಂದ ಅವನ್ನು ಆರಿಸಿ ತೆಗೆಯುವುದು ಸುಲಭ. ಅಮೆರಿಕದ ಐರಿನಾ ಕ್ಲಿಮಾನ್‌ಸ್ಕಯಾ, ರಾಬರ್ಟ್ ಲಾಂಜಾ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಈಗ ಕಾದು ಕೂಡುವ ಬದಲು, ಸೂಕ್ತ ರಾಸಾಯನಿಕಗಳನ್ನು ಸರದಿಯಂತೆ ಕೊಟ್ಟು ಕೋಶಗಳನ್ನು ಇದೇ ದಾರಿಗೆ ತಿರುಗಿಸುವುದನ್ನು ವಿಜ್ಞಾನಿಗಳು ಕಲಿತಿದ್ದಾರೆ.

ಭ್ರೂಣದಿಂದ ಕೋಶ ತೆಗೆದರೆ ಆ ಭ್ರೂಣ ಮುಂದೆ ಬೆಳೆಯಲಾರದು. ಇದು ಸರಿಯೆ ಎಂಬ ಪ್ರಶ್ನೆ ಹಗುರವಾದುದಲ್ಲ. ಬೆಂಗಳೂರಿನ ವಿಜ್ಞಾನಿಗಳು ಹಿಡಿದ ದಾರಿ ಇಲ್ಲಿ ಗಮನಾರ್ಹ. ಮಕ್ಕಳಿಲ್ಲದ ದಂಪತಿಗಳಿಗಾಗಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಭ್ರೂಣಗಳಲ್ಲಿ ಕೆಲವು ದುರ್ಬಲವಾಗಿರುತ್ತವೆ. ಅವನ್ನು ಗರ್ಭದಲ್ಲಿ ಇಡದೆ ಬಿಟ್ಟುಬಿಡುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಮನೀಷಾ ಇನಾಮದಾರ್ ಮತ್ತು ಸಂಗಡಿಗರು ಹೀಗೆ ತಿರಸ್ಕೃತವಾದ ಮೂರನೆಯ ದರ್ಜೆಯ ಭ್ರೂಣಗಳಿಂದಲೇ ಆಕರಕೋಶಗಳ ಎರಡು ಸಂತತಿಗಳನ್ನು ಬೆಳೆಸಿ ೨೦೦೯ರಲ್ಲಿ ವರದಿ ಮಾಡಿದರು. ಅವುಗಳ ಹೆಸರು ಬಿಜೆಎನ್‌ಹೆಮ್ ೧೯ ಮತ್ತು ಬಿಜೆಎನ್‌ಹೆಮ್ ೨೦. ಕಸಕ್ಕೆ ಹೋಗಬೇಕಾದುದರಿಂದ ಕೋಟ್ಯಂತರ ಜೀವಂತ ಕೋಶಗಳು ದೊರೆತವು.

ಈ ನಡುವೆ ಜಪಾನಿನ ಶಿನ್ಯಾ ಯಮನಾಕ ಇನ್ನೊಂದು ದಾರಿಯನ್ನು ತೆರೆದಿದ್ದರು. ಬೆಳೆದ ಕೋಶವೊಂದಕ್ಕೆ ನಾಲ್ಕು ಜೀನುಗಳನ್ನು ಸೇರಿಸಿದರೆ ಅದು ಹಿಮ್ಮುಖವಾಗಿ ನಡೆದು ಭ್ರೂಣದ ಆಕರಕೋಶದಂತೆಯೇ ಎಳೆಯದಾಗುತ್ತದೆಂದು ಅವರು ೨೦೦೬ರಲ್ಲಿ ಇಲಿಯ ಕೋಶಗಳಲ್ಲಿಯೂ ೨೦೦೭ರಲ್ಲಿ ಮನುಷ್ಯನ ಕೋಶಗಳಲ್ಲಿಯೂ ತೋರಿಸಿಕೊಟ್ಟರು. ೨೦೧೨ರ ನೊಬೆಲ್ ಪಾರಿತೋಷಕ ಜಾನ್ ಗರ್ಡನ್ ಅವರೊಡನೆ ಇವರಿಗೆ ಸಂದಿತು. ಈ ಪ್ರೇರಿತ ಆಕರಕೋಶಗಳಿಗೆ ಭ್ರೂಣ ಬೇಕಿಲ್ಲ. ಚೂರು ಚರ್ಮವೋ ಸ್ವಲ್ಪ ರಕ್ತವೋ ಸಾಕು.

ಮನುಷ್ಯನ ಕಣ್ಣಿನಲ್ಲಿ

ಹೊಸ ಕೋಶಗಳನ್ನು ಪರೀಕ್ಷಿಸಲು ಮೊದಲು ಆರಿಸಿದ ಕೆಲವೇ ಅಂಗಗಳಲ್ಲಿ ಕಣ್ಣೂ ಒಂದು, ಇದಕ್ಕೆ ಕಾರಣಗಳಿವೆ. ಬೇಕಾಗುವ ಕೋಶಗಳು ಸ್ವಲ್ಪ. ಅಕ್ಷಿಪಟಲದ ಕೆಳಗಿನ ಜಾಗದಲ್ಲಿ ದೇಹದ ರಕ್ಷಣಾ ಪಡೆ ಅಷ್ಟು ಉಗ್ರವಾಗಿ ಮೇಲೆ ಬೀಳುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಪಾಪೆಯ ಮೂಲಕ ಇಣುಕಿ ನೆಟ್ಟ ಕೋಶಗಳನ್ನು ವೈದ್ಯರು ನೇರವಾಗಿ ನೋಡಬಹುದು. ಎಳೆಯ ಆಕರಕೋಶವೊಂದು ತಪ್ಪಿ ಉಳಿದುಕೊಂಡು ಗಂತಿಯಾಗಿ ಬೆಳೆಯತೊಡಗಿದರೆ ಬೇಗನೆ ಗೊತ್ತಾಗುತ್ತದೆ.

ಅಮೆರಿಕದಲ್ಲಿ ೧೮ ಮಂದಿ ರೋಗಿಗಳ ಒಂದೊಂದು ಕಣ್ಣಿಗೆ, ಭ್ರೂಣದ ಆಕರಕೋಶಗಳಿಂದ ಬೆಳೆಸಿದ ೫೦ ಸಾವಿರದಿಂದ ೧ ಲಕ್ಷ ೫೦ ಸಾವಿರದವರೆಗಿನ ವರ್ಣಕ ಕೋಶಗಳನ್ನು ಸೂಜಿಯಿಂದ ಸೇರಿಸಿದರು. ೨೦೧೪ರಲ್ಲಿ ಪ್ರಕಟವಾದ ವರದಿಯಂತೆ ಗಂತಿಗಳು ಬೆಳೆಯಲಿಲ್ಲ. ೧೦ ಮಂದಿಯ ದೃಷ್ಟಿ ಸ್ವಲ್ಪಮಟ್ಟಿಗೆ ಉತ್ತಮವಾಯಿತು. ಲಂಡನ್ನಿನಲ್ಲಿ ಪೀಟರ್ ಕಾಫಿ, ಲಿಂಡನ್ ಡ ಕ್ರೂಜ್ ಮೊದಲಾದವರು ಕೋಶಗಳನ್ನು ತೆಳು ಹಾಳೆಯೊಂದರ ಮೇಲೆ ಬೆಳೆಸಿ, ಒದ್ದೆ ಬಗೆಯ ರೋಗ ತಟ್ಟನೆ ಬಡಿದಿದ್ದ ಇಬ್ಬರಿಗೆ ತೇಪೆಯಂತೆ ಹಾಕಿದರು. ಒಂದು ವರ್ಷದಲ್ಲಿ ಒಬ್ಬರು ಪರೀಕ್ಷೆಯ ಫಲಕದ ೨೯ ಅಕ್ಷರಗಳನ್ನೂ ಇನ್ನೊಬ್ಬರು ೨೧ ಅಕ್ಷರಗಳನ್ನೂ ಹೆಚ್ಚಾಗಿ ಓದಿದರೆಂದು ೨೦೧೮ರಲ್ಲಿ ವರದಿಯಾಯಿತು.

ಬೆಂಗಳೂರು ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಮಣಿಪಾಲದ ಪುನರುತ್ಪಾದಕ ವೈದ್ಯಶಾಸ್ತ್ರ ಸಂಸ್ಥೆ ಹಿಂದೆ ಕೆಲವು ವರ್ಷ ಇಂದಿರಾನಗರದ ನೆರೆಯ ದೊಮ್ಮಲೂರಿನಲ್ಲಿತ್ತು. ಆಕರಕೋಶಗಳನ್ನು ಸಾಕುವ ವಿದ್ಯೆಯನ್ನು ಹಲವು ತರುಣರು ಅಲ್ಲಿ ಕಲಿತರು. ಆ ಸಂಸ್ಥೆಯಲ್ಲಿ ದುಡಿದಿದ್ದ ರಾಜರ್ಷಿ ಪಾಲ್, ವೈದ್ಯ ಜೋಗಿನ್ ದೇಸಾಯಿ ಮೊದಲಾದವರು ೨೦೧೫ರಲ್ಲಿ ಐಸ್ಟೆಮ್ ಎಂಬ ಕಂಪನಿಯನ್ನು ಕಟ್ಟಿ, ಬಳ್ಳಾರಿ ರಸ್ತೆಯ ಸಿ-ಕ್ಯಾಂಪ್ ಕೇಂದ್ರದಲ್ಲಿ ಕೆಲಸ ಹೂಡಿದರು. ಆಕರಕೋಶಗಳಿಂದ ಬೆಳೆಸಿದ ವರ್ಣಕ ಕೋಶಗಳು ಕುರುಡಾಗುತ್ತಿದ್ದ ಇಲಿಗಳ ದೃಷ್ಟಿಯನ್ನು ಕಾಪಾಡಿದುವೆಂದು ಪಾಲ್ ಮತ್ತು ಸಂಗಡಿಗರು ೨೦೨೧ರಲ್ಲಿ ಪ್ರಕಟಿಸಿದರು. ಪ್ರೇರಿತ ಆಕರಕೋಶಗಳಿಂದ ತಯಾರಿಸಿದ ಇಂಥ ಕೋಶಗಳನ್ನು ಒಣ ಬಗೆಯ ರೋಗಿಗಳಲ್ಲಿ ಪರೀಕ್ಷಿಸುವ ಮೊದಲ ಹಂತ ೨೦೨೪ರಲ್ಲಿ ನಮ್ಮ ದೇಶದಲ್ಲಿ ಆರಂಭವಾಯಿತು.

ಒಂದೇ ಸಂಚಿಕೆ, ಎರಡು ವರದಿ

ಇಷ್ಟನ್ನು ಓದಿದ ಮೇಲೆ, ಮನೆಯ ಹಿರಿಯರನ್ನು ನಾಳೆಯೇ ಎಲ್ಲಿಗಾದರೂ ಕರೆದೊಯ್ಯಬೇಕೆಂದು ಯಾರಿಗಾದರೂ ಅನ್ನಿಸೀತು. ಆದ್ದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸುವಂತಿಲ್ಲ.

ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರ ೨೦೧೭ರ ಮಾರ್ಚ್ ತಿಂಗಳ ಒಂದು ಸಂಚಿಕೆಯಲ್ಲಿ ಎರಡು ವರದಿಗಳು ಒಂದರ ಹಿಂದೆ ಒಂದು ಅಚ್ಚಾದವು. ಮೊದಲನೆಯದು ಜಪಾನಿನ ಕೋಬೆ ನಗರದ್ದು. ಮಸಾಯೊ ತಕಾಹಾಶಿ ಅವರ ತಂಡ ೨೦೧೪ರ ಸೆಪ್ಟೆಂಬರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರಿಗೆ, ಅವರದೇ ಚರ್ಮದಿಂದ ಪಡೆದ ಪ್ರೇರಿತ ಆಕರಕೋಶಗಳಿಂದ ಬೆಳೆಸಿದ ವರ್ಣಕ ಪದರದ ಪುಟ್ಟ ಹಾಳೆಯನ್ನು ನೆಟ್ಟಿತ್ತು. ವರ್ಷದ ಬಳಿಕ ಹಾಳೆ ಹಾಗೆಯೇ ಉಳಿದಿತ್ತು. ದೃಷ್ಟಿ ಉತ್ತಮವಾಗಲೂ ಇಲ್ಲ, ಕೆಡಲೂ ಇಲ್ಲ. ಎರಡನೆಯ ರೋಗಿಗಾಗಿ ಬೆಳೆಸಿದ ಕೋಶಗಳಲ್ಲಿ ಜೀನುಗಳ ವ್ಯತ್ಯಾಸ ಕಂಡುಬಂದುದರಿಂದ ತಂಡ ಅವನ್ನು ನೆಡದೆ ಕೈಬಿಟ್ಟಿತು.

ಎರಡನೆಯ ವರದಿ ಫ್ಲಾರಿಡಾದ್ದು. ೭೨ರಿಂದ ೮೮ ವರ್ಷ ವಯಸ್ಸಿನ ಮೂವರು ಮಹಿಳೆಯರು ಪೀತಬಿಂದುವಿನ ರೋಗಕ್ಕೆ ಆಕರಕೋಶದ ಚಿಕಿತ್ಸೆಯೆಂಬ ಮಾತನ್ನು ನಂಬಿ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಹಣ ತೆತ್ತು ಹೋಗಿದ್ದರು. ಅವರ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಅಲ್ಲಿ ಎರಡೂ ಕಣ್ಣುಗಳಿಗೆ ಒಂದೇ ದಿನ ಚುಚ್ಚಲಾಯಿತು. ಮೂವರ ದೃಷ್ಟಿಯೂ ತೀವ್ರವಾಗಿ ನಷ್ಟವಾಯಿತು. ಒಬ್ಬರಿಗೆ ಬೆಳಕೇ ಕಾಣದಾಯಿತು. ಅದಕ್ಕೆ ಮೊದಲು ಅವರು ಅಷ್ಟಿಷ್ಟು ಕಂಡುಕೊಂಡು ಓಡಾಡುತ್ತಿದ್ದವರು.

ಎರಡು ಕಡೆಯೂ ಬಳಸಿದ ಹೆಸರು ಒಂದೇ. ಒಂದು ಕಡೆ ಅಳೆಯುವ, ತೂಗುವ, ಸಂಶಯ ಬಂದರೆ ನಿಲ್ಲಿಸುವ ತಾಳ್ಮೆ; ಇನ್ನೊಂದು ಕಡೆ ಹೆಸರಿನ ಮಾರಾಟ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು, ರಕ್ತದ ರೋಗಗಳಿಗೆ ಮಾಡುವ ಅಂಗೀಕೃತ ಕಸಿಯೊಂದನ್ನು ಬಿಟ್ಟು, ಅನುಮತಿ ಪಡೆದ ಪರೀಕ್ಷೆಯ ಹೊರಗೆ ಆಕರಕೋಶಗಳನ್ನು ರೋಗಿಗೆ ಕೊಡಕೂಡದೆಂದು ಸ್ಪಷ್ಟವಾಗಿ ಹೇಳುತ್ತವೆ. ನಿಜವಾದ ಪರೀಕ್ಷೆ ದೇಶದ ಪರೀಕ್ಷಾ ನೋಂದಣಿ ಪುಸ್ತಕದಲ್ಲಿ ದಾಖಲಾಗಿರುತ್ತದೆ. ನೀತಿ ಸಮಿತಿಯೊಂದು ಅದನ್ನು ಒಪ್ಪಿರುತ್ತದೆ. ಚಿಕಿತ್ಸೆಗೆಂದು ರೋಗಿಯಿಂದ ಹಣ ಕೇಳುವುದಿಲ್ಲ. ಮೊದಲ ದಿನವೇ ಎರಡು ಕಣ್ಣಿಗೂ ಕೈ ಹಾಕುವುದಿಲ್ಲ. ಈ ನಾಲ್ಕು ಮಾತುಗಳನ್ನು ಮನೆಯ ಹಿರಿಯರಿಗೆ ವಿದ್ಯಾರ್ಥಿಗಳು ತಿಳಿಸಿ ಹೇಳಿದರೆ ಒಂದು ಕಣ್ಣಾದರೂ ಉಳಿದೀತು.

ಮುಂದಿನ ಹಾದಿ

ಹೊಸ ದಾದಿಕೋಶಗಳಿಗೂ ಒಂದು ಮಿತಿಯಿದೆ. ಅವು ಸಾಯುತ್ತಿರುವ ನೋಡುವ ಕೋಶಗಳನ್ನು ಉಳಿಸಬಲ್ಲವು, ಸತ್ತುಹೋದವನ್ನು ಎಬ್ಬಿಸಲಾರವು. ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಆನುವಂಶಿಕ ರೋಗದ ಬಹುಪಾಲು ಬಗೆಗಳಲ್ಲಿ ಕೆಡುವುದು ನೋಡುವ ಕೋಶಗಳೇ. ಅವುಗಳ ಜಾಗಕ್ಕೆ ಹೊಸವನ್ನು ತಂದರೆ ಸಾಲದು. ಅವು ಒಳಗಿನ ನರಕೋಶಗಳೊಡನೆ ಎಳೆಗೆ ಎಳೆ ಹೊಂದಿಕೊಳ್ಳಬೇಕು. ಅಕ್ಷಿಪಟಲದಿಂದ ಮೆದುಳಿಗೆ ಹೋಗುವ ನರದಲ್ಲಿ ಹತ್ತು ಲಕ್ಷದಷ್ಟು ತಂತುಗಳಿವೆ. ಗೋಡೆಗೆ ಸುಣ್ಣ ಬಳಿಯುವುದಕ್ಕೂ ಕಿತ್ತುಹೋದ ವಿದ್ಯುತ್ ತಂತಿಗಳನ್ನು ಮತ್ತೆ ಜೋಡಿಸುವುದಕ್ಕೂ ಇರುವಷ್ಟು ಅಂತರ ಈ ಎರಡು ಕೆಲಸಗಳ ನಡುವೆ ಇದೆ. ವರ್ಣಕ ಪದರವನ್ನು ಮೊದಲು ಕೈಗೆತ್ತಿಕೊಂಡದ್ದು ಇದಕ್ಕಾಗಿಯೇ. ಅದಕ್ಕೆ ತಂತಿಗಳಿಲ್ಲ, ಸರಿಯಾದ ಜಾಗದಲ್ಲಿ ಕುಳಿತು ಕೆಲಸ ಮಾಡಿದರೆ ಸಾಕು. ರೋಗವನ್ನು ಬೇಗನೆ ಗುರುತಿಸುವುದು ಮುಖ್ಯವೆನ್ನುವುದೂ ಇದಕ್ಕಾಗಿಯೇ. ಕೂಸು ಬದುಕಿರುವಾಗಲೇ ದಾದಿ ಬರಬೇಕು.

ಇನ್ನೊಮ್ಮೆ ರಸೆಲ್ ಮಾರ್ಕೆಟ್ಟಿಗೆ ಹೋದಾಗ ಬಾಗಿಲೊಳಗೆ ಒಂದು ನಿಮಿಷ ನಿಲ್ಲಿರಿ. ಕತ್ತಲೆಯಿಂದ ಬುಟ್ಟಿಗಳು, ಮುಖಗಳು ಒಂದೊಂದಾಗಿ ಮೇಲೆದ್ದು ಬರುವಾಗ, ಕಣ್ಣಿನ ಹಿಂದೆ ಯಾರಿಗೂ ಕಾಣದ ಆ ಕಪ್ಪು ಪದರ ತನ್ನ ಪಾಲಿನ ಕೆಲಸವನ್ನು ಮಾಡುತ್ತಿರುತ್ತದೆ. ಅಂಥ ಒಂದು ಪದರವನ್ನು ತಟ್ಟೆಯಲ್ಲಿ ಬೆಳೆಸಲು ಮನುಷ್ಯ ಕಲಿತಿದ್ದಾನೆ. ಅದನ್ನು ಎಲ್ಲ ಮುದುಕರ ಕಣ್ಣಿಗೂ, ಬಡವರ ಕಣ್ಣಿಗೂ, ಅಪಾಯವಿಲ್ಲದೆ ಮುಟ್ಟಿಸುವ ಕೆಲಸ ಇನ್ನೂ ಉಳಿದಿದೆ. ಇಂದು ಜೀವಶಾಸ್ತ್ರದ ತರಗತಿಯಲ್ಲಿ ಕುಳಿತಿರುವವರಲ್ಲಿ ಕೆಲವರ ಕೈಗೆ ಆ ಕೆಲಸ ಬರಲಿದೆ.